ಶಹಾಬಾದ್, ವಾಡಿ, ಸೇಡಂ ಸೇರಿ ಜರ್ಮನಿಯ ರೂರ್ ಪ್ರದೇಶದ ಹಾಗೆ ಆಗಬಹುದಾ?

ಕಲಬುರಗಿ ಜಿಲ್ಲೆಯ ಸಿಮೆಂಟ್ ಊರುಗಳು ಮುಂದೆ ರೂರ್ ಪ್ರದೇಶದ ಹಾಗೆ ಒಂದಕ್ಕೊಂದು ಕೂಡಿಕೊಂಡು ಬೆಳೆಯುತ್ತವಾ ಅಂತ ಕೇಳಿದ್ದೀರಿ. ನಾನು ಚಿತ್ತಾಪುರ ತಾಲೂಕಿನವನು. ನಗರ ಯೋಜನೆ ಓದಲು ಡಾರ್ಟ್‌ಮುಂಡ್‌ನಲ್ಲಿದ್ದೆ. ಜನಸಂಖ್ಯೆಯಲ್ಲಿ ನಾವು ಅವರ ಹಾಗೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅವರು ಮಾಡಿದ ಒಂದೆರಡು ಕೆಲಸಗಳನ್ನು ನಾವು ಈಗಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ರೂರ್ ಅಂದರೆ ಒಂದು ನಗರ ಅಲ್ಲ. ಡಾರ್ಟ್‌ಮುಂಡ್, ಬೋಖುಮ್, ಎಸ್ಸೆನ್, ಡ್ಯೂಸ್‌ಬರ್ಗ್ ಹೀಗೆ ದೊಡ್ಡವು, ಸಣ್ಣವು ಸೇರಿ 53 ಊರುಗಳು. ಸುಮಾರು 4,400 ಚದರ ಕಿಲೋಮೀಟರಿನಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ. ನಮ್ಮ ಜಿಲ್ಲೆ ಅದರ ಎರಡು ಪಟ್ಟಿಗೂ ದೊಡ್ಡದು. 2011ರ ಜನಗಣತಿಯಲ್ಲಿ ಇಲ್ಲಿದ್ದವರು 25.66 ಲಕ್ಷ. ಅಲ್ಲಿ ರೈಲಿನಲ್ಲಿ ಕೂತರೆ ನಿಲ್ದಾಣದ ಬೋರ್ಡ್ ನೋಡಿಯೇ ಊರು ಬದಲಾಯಿತು ಅಂತ ತಿಳಿಯಬೇಕು, ನಡುವೆ ಮನೆಗಳು ನಿಲ್ಲುವುದೇ ಇಲ್ಲ. ವಾಡಿಯಿಂದ ಚಿತ್ತಾಪುರಕ್ಕೆ ಹೊರಟರೆ ನಡುವೆ ತೊಗರಿ ಹೊಲ ಸಿಗುತ್ತದೆ. ಆ ಹೊಲ ಹಾಗೇ ಉಳಿಯಲಿ.

ಎರಡೂ ಕಡೆ ಕಾರ್ಖಾನೆ ಬಂದ ಕಾರಣ ಮಾತ್ರ ಒಂದೇ ಥರ. ನಮ್ಮಲ್ಲಿ ಒಂದು ಟನ್ ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಸುಟ್ಟ ಗಟ್ಟಿ) ಮಾಡಲು ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಅಷ್ಟು ಭಾರ ದೂರ ಸಾಗಿಸುವ ಬದಲು ಕಲ್ಲಿದ್ದ ಕಡೆಯೇ ಕಾರ್ಖಾನೆ ಕಟ್ಟಿದರು. ರೂರ್‌ನಲ್ಲಿ ಕಲ್ಲಿದ್ದಲು ಇದ್ದ ಕಡೆ ಕಬ್ಬಿಣ ಬಂತು. ಆದರೆ ಮುಂದಿನ ದಾರಿ ಬೇರೆಯಾಯಿತು. ಅಲ್ಲಿ ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಕೋಕ್ ಅನ್ನುವ ಇಂಧನ, ಕೋಕ್‌ನಿಂದ ಕಬ್ಬಿಣ, ಉಕ್ಕು, ಉಕ್ಕಿನಿಂದ ಯಂತ್ರ. ಒಂದು ಊರಿನ ಸರಕು ಪಕ್ಕದ ಊರಿಗೆ ಕಚ್ಚಾಮಾಲು. ಊರುಗಳು ಬೆಸೆದುಕೊಂಡಿದ್ದು ಹಾಗೆ. ನಮ್ಮಲ್ಲಿ ಸಿಮೆಂಟ್ ಚೀಲಕ್ಕೆ ತುಂಬಿ ವ್ಯಾಗನ್ ಹತ್ತಿದರೆ ಮುಗಿಯಿತು. ಅದರ ಮೇಲೆ ನಿಲ್ಲುವ ಇನ್ನೊಂದು ದೊಡ್ಡ ಉದ್ಯಮ ಇಲ್ಲಿ ಬೆಳೆಯಲಿಲ್ಲ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಕಥೆಯೂ ಅಷ್ಟೇ.

ನೀವು ಕೇಳದೆ ಇದ್ದರೂ ಹೇಳಲೇಬೇಕಾದದ್ದು ಗಣಿ ಮುಗಿದ ಮೇಲಿನ ಮಾತು. 1950ರ ದಶಕದಲ್ಲಿ ರೂರ್‌ನ ಗಣಿಗಳಲ್ಲಿ ಸುಮಾರು 5 ಲಕ್ಷ ಜನ ದುಡಿಯುತ್ತಿದ್ದರು. 1958ರ ಹೊತ್ತಿಗೆ ಅಗ್ಗದ ತೈಲ, ಹೊರದೇಶದ ಕಲ್ಲಿದ್ದಲು ಬಂದು ಗಣಿಗಳು ಕುಸಿಯತೊಡಗಿದವು. ಅಷ್ಟೊಂದು ಜನರಿದ್ದ ಆ ಸೀಮೆಯಲ್ಲಿ ಆಗ ಒಂದು ವಿಶ್ವವಿದ್ಯಾಲಯವೂ ಇರಲಿಲ್ಲ. 1965ರಲ್ಲಿ ಬೋಖುಮ್‌ನಲ್ಲಿ ತೆರೆದರು, ಆಮೇಲೆ ಡಾರ್ಟ್‌ಮುಂಡ್‌ನಲ್ಲಿ. ಕೊನೆಯ ಗಣಿ ಬೊಟ್ರಾಪ್‌ನಲ್ಲಿ ಮುಚ್ಚಿದ್ದು 2018ರ ಡಿಸೆಂಬರಿನಲ್ಲಿ. ಅಂದರೆ ಕಾರ್ಮಿಕರ ಮಕ್ಕಳು ಬೇರೆ ಕೆಲಸ ಕಲಿಯಲು ಅರ್ಧ ಶತಮಾನಕ್ಕೂ ಹೆಚ್ಚು ಸಮಯ ಸಿಕ್ಕಿತು. ಇಷ್ಟೆಲ್ಲ ಆದರೂ ರೂರ್‌ನದೇ ಊರಾದ ಗೆಲ್ಸೆನ್‌ಕಿರ್ಷೆನ್‌ನಲ್ಲಿ ನಿರುದ್ಯೋಗ ಇವತ್ತಿಗೂ ಜರ್ಮನಿಯಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿದೆ. ಬೇಗ ಶುರು ಮಾಡಿದವರ ಪಾಡೇ ಹೀಗೆ. ತಡ ಮಾಡಿದರೆ ನಮ್ಮ ಹುಡುಗರ ಗತಿ ಏನು?

ನೆಲದ ಸಾಲವೂ ಇದೆ. ಕಲ್ಲಿದ್ದಲು ತೆಗೆದು ಅಲ್ಲಿನ ನೆಲ ಕೆಲವು ಕಡೆ 20 ಮೀಟರಿನಷ್ಟು ಕುಸಿದಿದೆ. ನೀರೆತ್ತುವ ಪಂಪು ನಿಲ್ಲಿಸಿದರೆ ದೊಡ್ಡ ಭಾಗ ಕೆರೆಯಾಗುತ್ತದೆ, ಹಾಗಾಗಿ ಪಂಪು ಎಂದೆಂದಿಗೂ ಓಡಬೇಕು. ನೆಲ ಕುಸಿಯುತ್ತಿದ್ದ ಕಾರಣ ಚರಂಡಿ ಕೊಳವೆ ಹೂಳಲಾಗದೆ ಎಂಷರ್ ನದಿಯನ್ನೇ ತೆರೆದ ಚರಂಡಿ ಮಾಡಿದ್ದರು. ಅದನ್ನು ಮತ್ತೆ ನದಿ ಮಾಡಲು 1992ರಿಂದ ಸುಮಾರು 30 ವರ್ಷ, 500 ಕೋಟಿ ಯೂರೋಗೂ ಜಾಸ್ತಿ ಹಣ ಹಿಡಿಯಿತು. ನಮ್ಮದು ತೆರೆದ ಗಣಿ, ಆ ಥರ ನೆಲ ಕುಸಿಯುವುದಿಲ್ಲ. ಆದರೆ ಅಗೆದು ಬಿಟ್ಟ ಕಲ್ಲುಗಣಿಗಳಲ್ಲಿ ಮಳೆನೀರು ನಿಂತು ದನ, ಮಕ್ಕಳಿಗೆ ಅಪಾಯವಾಗಿದೆ. ಅವಕ್ಕೆ ಬೇಲಿ ಹಾಕಿ, ಕೆಲವನ್ನಾದರೂ ನೀರಾವರಿಗೆ ಬಳಸಲು ಈಗಲೇ ಯೋಜನೆ ಮಾಡಬೇಕು, ಕಲ್ಲು ಖಾಲಿಯಾದ ಮೇಲಲ್ಲ.

ಎಲ್ಲಿಂದ ಶುರು ಮಾಡುವುದು ಅಂತಲೂ ಕೇಳಿದ್ದೀರಿ. ರೂರ್‌ನ ಊರುಗಳು 1920ರಲ್ಲೇ ರಸ್ತೆ, ವಸತಿ, ಹಸಿರು ಜಾಗಕ್ಕೆ ಒಂದು ಜಂಟಿ ಮಂಡಳಿ ಮಾಡಿಕೊಂಡವು. ಪ್ರತಿ ಊರಿಗೂ ಅದರದೇ ಮೇಯರ್ ಇದ್ದರೂ ಇವತ್ತು ಒಂದೇ ಟಿಕೆಟ್‌ನಲ್ಲಿ ಬಸ್, ಟ್ರಾಮ್, ರೈಲು ಎಲ್ಲ ಹತ್ತಬಹುದು. ನಮ್ಮ ಕಡೆ ಶಹಾಬಾದ್, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ತಮ್ಮ ಪಾಡಿಗೆ ತಾವು ಬೆಳೆಯುತ್ತಿವೆ. ಆದರೆ ಕಲಬುರಗಿ, ಶಹಾಬಾದ್, ವಾಡಿ ಒಂದು ರೈಲು ದಾರಿಯಲ್ಲಿವೆ. ಅದೇ ವಾಡಿಯಿಂದ ಸಿಕಂದರಾಬಾದ್‌ಗೆ ಹೋಗುವ ದಾರಿಯಲ್ಲಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳಿವೆ. ಆ ಹಳಿ ಹಾಕಿದ್ದು 1874ರಲ್ಲಿ, ನಿಜಾಮರ ಕಾಲದಲ್ಲಿ. ಹೊಸದಾಗಿ ಹಳಿ ಹಾಕಬೇಕಾಗಿಲ್ಲ. ಕಾರ್ಖಾನೆಯ ಶಿಫ್ಟಿಗೂ ಕಾಲೇಜಿನ ಹೊತ್ತಿಗೂ ಹೊಂದುವ ಪ್ಯಾಸೆಂಜರ್ ರೈಲು, ಬಸ್ಸಿಗೂ ನಡೆಯುವ ಒಂದೇ ಪಾಸು, ಸೇಡಂ ಅಥವಾ ವಾಡಿಯಲ್ಲಿ ಗಣಿ ಬಿಟ್ಟು ಬೇರೆ ಕಸುಬು ಕಲಿಸುವ ಒಂದು ಒಳ್ಳೆಯ ತಾಂತ್ರಿಕ ಕಾಲೇಜು. ನಾನು ಮೊದಲು ಕೇಳುವುದು ಈ ಮೂರನ್ನು.