ದವಡೆ ಶಸ್ತ್ರಚಿಕಿತ್ಸೆಯ ನಂತರ ವಿಮಾನ ಪ್ರಯಾಣ ಯಾವಾಗ, ಪಾಠ ಮಾಡುವುದು ಯಾವಾಗ?

ಪ್ರಶ್ನೆ: ನನಗೆ 34 ವರ್ಷ. ಊರು ಉಡುಪಿ ಜಿಲ್ಲೆ, ದುಬೈಯ ಶಾಲೆಯೊಂದರಲ್ಲಿ ಶಿಕ್ಷಕಿ. ಅಲ್ಲಿಯ ದಂತವೈದ್ಯರಲ್ಲಿ ಒಂದೂವರೆ ವರ್ಷದ ಹಿಂದೆ ಬ್ರೇಸಸ್ ಹಾಕಿಸಿಕೊಂಡಿದ್ದು, ಮುಂದಿನ ತಿಂಗಳು ಮಂಗಳೂರಿನಲ್ಲಿ ಮೇಲಿನ ಮತ್ತು ಕೆಳಗಿನ ಎರಡೂ ದವಡೆಗಳನ್ನು ಕತ್ತರಿಸಿ ಸರಿಯಾದ ಜಾಗಕ್ಕೆ ಸರಿಸುವ ಶಸ್ತ್ರಚಿಕಿತ್ಸೆ ನಡೆಯಲಿದೆ. ಚಿಕ್ಕ ಮಕ್ಕಳಿಬ್ಬರನ್ನು ಪತಿಯ ಬಳಿ ಬಿಟ್ಟು ಬರುತ್ತಿರುವುದರಿಂದ ಶಸ್ತ್ರಚಿಕಿತ್ಸೆಯಾದ ಹತ್ತನೆಯ ದಿನಕ್ಕೇ ಮರಳುವ ಟಿಕೆಟ್ ಮಾಡಿಸಿದ್ದೇನೆ. ಮೂರು ವಾರ ಮುಗಿದ ಮೇಲೆ ಶಾಲೆಗೆ ಹೋಗಬೇಕೆಂದಿದ್ದೇನೆ. ವಿಮಾನದಲ್ಲಿ ತೊಂದರೆಯಾದೀತೇ? ಅಷ್ಟು ಬೇಗ ಪಾಠ ಮಾಡಬಹುದೇ?

ಉತ್ತರ: ಹತ್ತನೆಯ ದಿನದ ಟಿಕೆಟನ್ನು ದಯವಿಟ್ಟು ಮುಂದಕ್ಕೆ ಹಾಕಿಸಿ. ಮಕ್ಕಳನ್ನು ಬಿಟ್ಟಿರುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಟಿಕೆಟಿಗೆ ತಕ್ಕಂತೆ ತಪಾಸಣೆಯ ದಿನಗಳನ್ನು ಹೊಂದಿಸುವುದಲ್ಲ, ತಪಾಸಣೆಯ ದಿನಗಳನ್ನು ಕೇಳಿಕೊಂಡು ಅದಕ್ಕೆ ತಕ್ಕಂತೆ ಟಿಕೆಟ್ ಮಾಡಿಸಬೇಕಾಗಿದೆ.

ಕೆಳದವಡೆಗೆ ಮಾತ್ರ ಶಸ್ತ್ರಚಿಕಿತ್ಸೆಯಾಗಿದ್ದರೆ ನಾನು ಇಷ್ಟು ಬಿಗಿಯಾಗಿ ಹೇಳುತ್ತಿರಲಿಲ್ಲ. ಮೇಲ್ದವಡೆಯನ್ನು ಸರಿಸುವಾಗ ಕೆನ್ನೆಯ ಮೂಳೆಯೊಳಗಿರುವ ಸೈನಸ್ ಎಂಬ ಗಾಳಿಯ ಗೂಡುಗಳ ಗೋಡೆಯನ್ನೂ ಮೂಗಿನ ತಳವನ್ನೂ ಕತ್ತರಿಸಲೇಬೇಕಾಗುತ್ತದೆ. ಆಮೇಲೆ ಟೈಟಾನಿಯಂ ಪ್ಲೇಟು ಮತ್ತು ಸ್ಕ್ರೂಗಳಿಂದ ದವಡೆಯನ್ನು ಹೊಸ ಜಾಗದಲ್ಲಿ ನಿಲ್ಲಿಸಿದರೂ, ಕೆಲವು ವಾರಗಳ ಕಾಲ ಸೈನಸಿನಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ, ಒಳಪೊರೆ ಊದಿಕೊಂಡಿರುತ್ತದೆ, ಗಾಳಿ ಒಳಹೊರಗೆ ಆಡುವ ಸಣ್ಣ ದಾರಿ ಮುಚ್ಚಿಕೊಂಡಿರುವ ಸಂಭವವೂ ಇರುತ್ತದೆ. ಇನ್ನು ವಿಮಾನದೊಳಗಿನ ಗಾಳಿಯ ಒತ್ತಡವು ಸಮುದ್ರಮಟ್ಟದಿಂದ ಸುಮಾರು 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟೇ ಇರುತ್ತದೆ; ಎಂದರೆ, ಮಂಗಳೂರಿನಿಂದ ಹೊರಟ ಅರ್ಧ ಗಂಟೆಯೊಳಗೆ ನೀವು ಮುಳ್ಳಯ್ಯನಗಿರಿಯ ತುದಿಗೋ ಅದಕ್ಕಿಂತ ಮೇಲಕ್ಕೋ ಏರಿದಂತಾಗುತ್ತದೆ. ಅಷ್ಟು ಎತ್ತರದಲ್ಲಿ ಮುಚ್ಚಿದ ಗೂಡಿನೊಳಗಿನ ಗಾಳಿ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಹಿಗ್ಗಲು ನೋಡುತ್ತದೆ, ಇಳಿಯುವಾಗ ಅದೇ ಗಾಳಿ ಕುಗ್ಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಕಿವಿ ಮುಚ್ಚಿಕೊಂಡಂತಾಗುವುದು ಇದೇ ಕಾರಣದಿಂದ; ಹಸಿ ಗಾಯವಿರುವ ಸೈನಸಿಗೆ ಅದು ತೀವ್ರ ನೋವಾಗಬಹುದು, ರಕ್ತವೂ ಸೋರಬಹುದು.

ನಾನು ಹೆಚ್ಚು ಅಂಜುವುದು ಇನ್ನೊಂದಕ್ಕೆ. ಮೇಲ್ದವಡೆಯ ಶಸ್ತ್ರಚಿಕಿತ್ಸೆಯಾದವರಲ್ಲಿ ಅಪರೂಪಕ್ಕೆ, ಮನೆಗೆ ಹೋದ ನಂತರ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ, ಮೂಗಿನಿಂದ ಜೋರಾಗಿ ರಕ್ತ ಬರುವುದುಂಟು. ನೆಲದ ಮೇಲಿದ್ದರೆ ಆಸ್ಪತ್ರೆಗೆ ಧಾವಿಸಬಹುದು. ಅರಬ್ಬಿ ಸಮುದ್ರದ ಮೇಲೆ ಹಾರುತ್ತಿರುವಾಗ ಅದು ಸಾಧ್ಯವಿಲ್ಲ. ಆದ್ದರಿಂದ ಎರಡೂ ದವಡೆಗಳ ಶಸ್ತ್ರಚಿಕಿತ್ಸೆಯಾದವರಿಗೆ ನಾನು ಮೂರು ವಾರ ಕಾಯಲು ಹೇಳುತ್ತೇನೆ. ಆಗಲೂ ಮೂಗು ತಕ್ಕಮಟ್ಟಿಗೆ ತೆರೆದಿರಬೇಕು, ರಕ್ತ ಕಾಣಿಸಿಕೊಳ್ಳದೆ ಕೆಲವು ದಿನಗಳಾಗಿರಬೇಕು, ಜ್ವರವಿರಬಾರದು, ಎಕ್ಸ್‌ರೇಯಲ್ಲಿ ದವಡೆ ಸ್ವಸ್ಥಾನದಲ್ಲಿರಬೇಕು. ಕೊನೆಯ ಮಾತು ನಿಮ್ಮ ಶಸ್ತ್ರಚಿಕಿತ್ಸಕರದ್ದೇ, ಏಕೆಂದರೆ ಒಳಗೆ ಏನಾಗಿದೆಯೆಂದು ಕಂಡವರು ಅವರು.

ವಿಮಾನ ಇಳಿಯುವಾಗ ಕಿವಿ ಮುಚ್ಚಿಕೊಂಡರೆ ಮೂಗು ಹಿಡಿದು ಊದುವ ಅಭ್ಯಾಸ ಹಲವರಿಗಿದೆ. ನೀವು ಅದನ್ನು ಮಾಡಲೇಬಾರದು. ಮೂಗನ್ನು ಸೀದುವುದೂ ಕೂಡದು. ಸೀನು ಬಂದರೆ ಬಾಯಿ ಎಷ್ಟು ತೆರೆಯುತ್ತದೋ ಅಷ್ಟು ತೆರೆದು ಸೀನಿ. ಒತ್ತಡದಿಂದ ಮೂಗಿನ ಗಾಳಿ ಗಾಯದ ಮೂಲಕ ಕೆನ್ನೆಯ ಚರ್ಮದಡಿಗೆ ನುಗ್ಗಿ ಮುಖ ಊದಿಕೊಳ್ಳಬಹುದು. ಚೂಯಿಂಗ್ ಗಮ್ ಜಗಿಯುವ ಉಪಾಯವೂ ನಿಮಗಿಲ್ಲದ ಕಾರಣ ವಿಮಾನ ಇಳಿಯತೊಡಗಿದಾಗ ಎಚ್ಚರವಾಗಿದ್ದು ಗುಟುಕು ಗುಟುಕಾಗಿ ನೀರು ನುಂಗುತ್ತಿರಿ. ಮೂಗಿನ ಹನಿಗಳನ್ನು ಯಾವಾಗ ಹಾಕಿಕೊಳ್ಳಬೇಕೆಂದು ವೈದ್ಯರಲ್ಲಿ ಕೇಳಿಕೊಳ್ಳಿ.

ಈಗ ಹೆಚ್ಚಿನವರಿಗೆ ಮೇಲಿನ, ಕೆಳಗಿನ ದವಡೆಗಳನ್ನು ಒಂದಕ್ಕೊಂದು ತಂತಿಯಿಂದ ಬಿಗಿಯದೆ ರಬ್ಬರ್ ಬ್ಯಾಂಡ್ ಮಾತ್ರ ಹಾಕುತ್ತಾರೆ. ವಾಂತಿ ಬಂದರೆ ಅವನ್ನು ತಕ್ಷಣ ಕಳಚುವುದನ್ನು ಆಸ್ಪತ್ರೆಯಲ್ಲೇ ಕನ್ನಡಿಯೆದುರು ಅಭ್ಯಾಸ ಮಾಡಿಕೊಳ್ಳಿ. ಒಂದು ವೇಳೆ ತಂತಿಯಿಂದಲೇ ಬಿಗಿದಿದ್ದರೆ ವಿಮಾನಯಾನ ಸಂಸ್ಥೆಗೆ ಮೊದಲೇ ತಿಳಿಸಿ ಅನುಮತಿ ಪಡೆಯಬೇಕು. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ದ್ರವಾಹಾರ ಒಯ್ಯಲು ವೈದ್ಯರ ಪತ್ರ ಬೇಕಾಗುತ್ತದೆ. ಬಾವಿನಿಂದ ಪಾಸ್‌ಪೋರ್ಟಿನ ಚಿತ್ರಕ್ಕೂ ನಿಮ್ಮ ಮುಖಕ್ಕೂ ವ್ಯತ್ಯಾಸ ಕಂಡರೆ ತೋರಿಸಲಿಕ್ಕೂ ಅದೇ ಪತ್ರ ಉಪಯೋಗಕ್ಕೆ ಬರುತ್ತದೆ. ಟ್ರಾಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಔಷಧಗಳಾದ್ದರಿಂದ ಅವುಗಳಿಲ್ಲದ ಔಷಧವನ್ನೇ ಬರೆದುಕೊಡಲು ಕೇಳಿ.

ಇನ್ನು ಶಾಲೆಯ ವಿಷಯ. ಕುಳಿತು ಮಾಡುವ ಕೆಲಸವಾಗಿದ್ದರೆ ಮೂರು ವಾರ ಸಾಕೆನ್ನಬಹುದಿತ್ತು. ಆದರೆ ನಿಮ್ಮ ಕೆಲಸವೇ ಮಾತು. ಶಸ್ತ್ರಚಿಕಿತ್ಸೆಯಲ್ಲಿ ಕೆಳದವಡೆಯ ನರ ಎಳೆತಕ್ಕೆ ಸಿಕ್ಕಿರುವುದರಿಂದ ತುಟಿ, ಗಲ್ಲ ಹಲವು ವಾರಗಳಿಂದ ತಿಂಗಳುಗಳವರೆಗೆ ಮರಗಟ್ಟಿದಂತಿರುತ್ತವೆ. ಪ, ಬ, ಮ ಅಕ್ಷರಗಳು ಮೊದಮೊದಲು ತೊದಲುತ್ತವೆ, ಹಲ್ಲುಗಳ ಹೊಂದಾಣಿಕೆ ಬದಲಾದ್ದರಿಂದ ಸ, ಶ ಕೂಡ ಬೇರೆಯಾಗಿ ಕೇಳಿಸುತ್ತವೆ. ಮೂಳೆ ತಕ್ಕಮಟ್ಟಿಗೆ ಕೂಡಿಕೊಳ್ಳಲು ಆರು ವಾರ ಬೇಕು. ಅಲ್ಲಿಯವರೆಗೆ ಮೆತ್ತಗಿನ ಆಹಾರವೇ ಆಗುವುದರಿಂದ ತೂಕ ಇಳಿದು ಸುಸ್ತೂ ಇರುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ತುಪ್ಪ ಹಾಕಿ ನುಣ್ಣಗೆ ಅರೆದು, ಬೇಳೆಕಟ್ಟು, ಹಾಲು, ಮೊಸರಿನ ಜೊತೆ ಎರಡೆರಡು ಗಂಟೆಗೊಮ್ಮೆ ಕುಡಿಯುತ್ತಾ ಬಂದರೆ ಶಕ್ತಿ ಬೇಗ ಕೂಡುತ್ತದೆ. ನಾಲ್ಕನೆಯ ವಾರದಿಂದ ಉತ್ತರಪತ್ರಿಕೆ ತಿದ್ದುವಂಥ ಕೆಲಸ, ಐದನೆಯ ವಾರದಿಂದ ದಿನಕ್ಕೆ ಒಂದೆರಡು ಪಾಠ, ಅದೂ ಮೈಕ್ ಹಿಡಿದು, ಆರು ವಾರ ತುಂಬಿದ ಮೇಲೆ ಪೂರ್ಣ ತರಗತಿ ಎಂದು ಮುಖ್ಯೋಪಾಧ್ಯಾಯರಿಗೆ ಈಗಲೇ ಬರೆದು ತಿಳಿಸಿ. ಚೆಂಡೋ ಮೊಣಕೈಯೋ ಮುಖಕ್ಕೆ ತಗುಲಬಹುದಾದ ಆಟದ ಮೈದಾನದ ಹೊಣೆಯನ್ನು ಮೂರು ತಿಂಗಳು ಬೇರೆಯವರಿಗೆ ಬಿಡಿ.

ದುಬೈಗೆ ಮರಳಿದ ಮೇಲೆಯೂ ವಾರಕ್ಕೊಮ್ಮೆ ಯಾರಾದರೂ ನಿಮ್ಮ ಹಲ್ಲುಗಳು ಸರಿಯಾಗಿ ಕಚ್ಚುತ್ತಿವೆಯೇ ಎಂದು ನೋಡಬೇಕು. ಮೊದಲ ವಾರಗಳಲ್ಲಿ ದವಡೆ ಕೊಂಚ ಸರಿದದ್ದು ತಿಳಿದರೆ ಬಹಳಷ್ಟು ಸಲ ರಬ್ಬರ್ ಬ್ಯಾಂಡಿನಿಂದಲೇ ಸರಿಪಡಿಸಬಹುದು. ಮೂಳೆ ಕೂಡಿದ ಮೇಲೆ ತಿಳಿದರೆ ಮತ್ತೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಬ್ರೇಸಸ್ ಹಾಕಿದ ನಿಮ್ಮ ವೈದ್ಯರು ಅಲ್ಲಿಯೇ ಇರುವುದು ದೊಡ್ಡ ಅನುಕೂಲ. ಶಸ್ತ್ರಚಿಕಿತ್ಸೆಗೆ ಮೊದಲೇ ಅವರೂ ಮಂಗಳೂರಿನ ಶಸ್ತ್ರಚಿಕಿತ್ಸಕರೂ ಫೋನಿನಲ್ಲಿ ಮಾತನಾಡಿಕೊಳ್ಳುವಂತೆ ಮಾಡಿ. ಹೊರಡುವಾಗ ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇಗಳು, ರಬ್ಬರ್ ಬ್ಯಾಂಡನ್ನು ಯಾವ ಹಲ್ಲಿನಿಂದ ಯಾವ ಹಲ್ಲಿಗೆ ಹಾಕಬೇಕೆಂಬ ಚಿತ್ರ, ಇಷ್ಟನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.

ಮುಖದ ಬಾವು ಎರಡನೆಯ, ಮೂರನೆಯ ದಿನ ಅತಿ ಹೆಚ್ಚಾಗಿರುತ್ತದೆ. ಆ ದಿನಗಳಲ್ಲಿ ವಿಡಿಯೋ ಕರೆ ಮಾಡಿದರೆ ಮಕ್ಕಳು ಹೆದರಬಹುದು. ಅಮ್ಮನ ಮುಖ ಸ್ವಲ್ಪ ದಿನ ಊದಿಕೊಂಡಿರುತ್ತದೆ, ಆಮೇಲೆ ಇಳಿಯುತ್ತದೆ ಎಂದು ಇಲ್ಲಿಗೆ ಬರುವ ಮೊದಲೇ ಅವರಿಗೆ ತಿಳಿಸಿ ಬನ್ನಿ.