ಸುಮ್ನೆ ಕೂತು ಕೇಳಿಸ್ಕೊಂಡ್ರೆ ಇಟಲಿಯವ್ರಿಗೆ ಯಾಕೆ ಅನುಮಾನ?

ಪ್ರಶ್ನೆ: ಮೇಡಂ, ನಾನು ಟೊರಿನೊದಲ್ಲಿ ಓದ್ತಿದೀನಿ. ರೂಮ್‌ಮೇಟ್ ಮಾತಾಡುವಾಗ ಅಡ್ಡಬಾಯಿ ಹಾಕದೆ ತಲೆ ಆಡಿಸ್ತಾ ಕೇಳಿಸ್ಕೋತೀನಿ. ಆದ್ರೂ ಅವ್ಳು ಪದೇಪದೇ 'ಮಿ ಸೇಗ್ವಿ?', ಅಂದ್ರೆ ಅರ್ಥ ಆಗ್ತಿದ್ಯಾ ಅಂತಾಳೆ. ಗಡಿಬಿಡೀಲಿ 'ಸೀ ಸೀ ಸೀ' ಅಂದ್ರೆ, ಬೋರಾಯ್ತಾ ಅಂತಾಳೆ!

ಉತ್ತರ: ಮೊದ್ಲು ಆ ತಲೆ ಆಡಿಸೋದನ್ನ ನೋಡಿ. ನಾವು ಹೂಂ ಅನ್ನೋಕೆ ಪಕ್ಕಕ್ಕೆ ತೂಗಾಡಿಸ್ತೀವಲ್ಲ, ಅದು ಅವ್ರಿಗೆ ಬೇಡ ಅಂದಂಗೋ ಡೌಟ್ ಇದ್ದಂಗೋ ಕಾಣುತ್ತೆ, ಮೇಲೆ ಕೆಳಗೆ ಆಡಿಸಿ ಸಾಕು.

ಇನ್ನು 'ಸೀ', ಅಂದ್ರೆ ಹೌದು, ತಪ್ಪೇನಲ್ಲ, ಆದ್ರೆ ಫಾಸ್ಟಾಗಿ ಮೂರ್ಸಲ ಅಂದ್ರೆ 'ಆಯ್ತಾಯ್ತು ಬೇಗ ಮುಗ್ಸು' ಅನ್ನೋ ಥರ ಕೇಳ್ಸೋ ಚಾನ್ಸ್ ಇದೆ. ಅಲ್ಲಿ ಹೂಂಗುಟ್ಟೋಕೆ ಬೇರೆಬೇರೆ ಪದ ಇವೆ, ಯಾವ್ದು ಎಲ್ಲಿ ಅನ್ನೋದಕ್ಕೆ ನಾನು ಹೇಳೋ ಉಪಾಯ ಇಷ್ಟೇ, ಈ ವಿಷ್ಯ ನಿಮಗೆ ಮೊದ್ಲೇ ಗೊತ್ತಿತ್ತಾ ಅಂತ ಕೇಳ್ಕೊಳ್ಳಿ. ಈಗ್ಲೇ ಗೊತ್ತಾಯ್ತು ಅಂದ್ರೆ 'ದವ್ವೇರೊ?' (ನಿಜವಾಗ್ಲೂ?), ಇಲ್ಲಾ 'ಮಾ ದಾಯ್!' (ಏಯ್ ಹೋಗೇ!). ಓಹ್ ಅದಕ್ಕಾ ಅಂತ ತಲೆಗೆ ಹೊಳೀತು ಅಂದ್ರೆ 'ಆ, ಎಕ್ಕೊ'. ನನಗೂ ಹಾಗೇ ಅನ್ಸಿತ್ತು ಅಂದ್ರೆ 'ಇನ್ಫಾತ್ತಿ', ಇದನ್ನ ಇಂಗ್ಲಿಷಿನ 'ಇನ್ ಫ್ಯಾಕ್ಟ್' ಅಂದ್ಕೊಂಡು ಮುಂದೆ ಇನ್ನೊಂದು ವಾಕ್ಯ ಸೇರಿಸೋಕೆ ಹೋಗ್ಬೇಡಿ, ಅದೊಂದೇ ಪದ ಸಾಕು, ಹೌದ್ ಮತ್ತೆ ಅಂದಂಗೆ. 'ಅಪ್ಪುಂತೊ' ಮಾತ್ರ ಹುಷಾರು, ನಾನು ಆಗ್ಲೇ ಅದನ್ನೇ ಹೇಳ್ದೆನಲ್ಲ ಅನ್ನೋ ಧಾಟಿ ಬರ್ಬಹುದು, ಅವಳ ಸುದ್ದೀನೆಲ್ಲ ನೀವೇ ಕಿತ್ಕೊಂಡಂಗೆ. (ಒತ್ತಕ್ಷರ ನಮಗೆ ಅಭ್ಯಾಸ ಇರೋದ್ರಿಂದ ಈ ಪದಗಳು ಬೇಗ ಬಾಯಿಗೆ ಕೂರುತ್ವೆ, ಅದೊಂದು ಲಾಭ.)

ಅವ್ಳ ಮಾತು ಮುಗಿಯೋವರ್ಗೂ ಕಾಯ್ಬೇಡಿ. ಫ್ರೆಂಡ್ಸ್ ಮಧ್ಯೆ ಮಾತಿನ ಮೇಲೆ ಮಾತು ಬಿದ್ರೆ ಅಲ್ಲಿ ಎಷ್ಟೋ ಸಲ ಅದು ಆಸಕ್ತಿ ಅಂತ್ಲೇ ಲೆಕ್ಕ. ಫೋನಲ್ಲಂತೂ ನೀವು ಸೈಲೆಂಟಾದ್ರೆ 'ಪ್ರೊಂತೊ? ಚಿ ಸೇಯ್?' ಶುರು, ಹಲೋ ಇದ್ದೀಯಾ ಅಂತ.

ರಜೆಗೆ ಸಿಸಿಲಿ ಕಡೆ ಹೋದ್ರೆ ಇನ್ನೊಂದು. ಅಲ್ಲಿ ಗಲ್ಲ ಮೇಲೆತ್ತಿ 'ಚ್' ಅಂದ್ರೆ ಇಲ್ಲ ಅಂತ, ನಮ್ ಮಕ್ಕಳು ಊಟ ಬೇಡ ಅನ್ನೋಕೆ 'ಚ್' ಅಂತಾವಲ್ಲ, ಹಾಗೇ. ಅಂಗಡಿಯವ್ನು ಹಾಗಂದ್ರೆ ಬೇಜಾರ್ ಮಾಡ್ಕೋಬೇಡಿ, ಸಾಮಾನು ಖಾಲಿಯಾಗಿರುತ್ತೆ ಅಷ್ಟೇ.