ಎಕ್ಸ್‌ಎಮ್‌ಎಲ್ ರೂಪಾಂತರದಲ್ಲಿ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವುದು

ನಮಸ್ಕಾರ. ಬ್ಯಾಡಗಿ ಮೆಣಸಿನಕಾಯಿ ದರಪಟ್ಟಿಯ ಎಕ್ಸ್‌ಎಮ್‌ಎಲ್ ಕಡತವನ್ನು ಜಾವಾದಲ್ಲಿ ಎಚ್‌ಟಿಎಮ್‌ಎಲ್‌ಗೆ ಪರಿವರ್ತಿಸಿದಾಗ ಹಾವೇರಿ, ಹಾನಗಲ್ಲ ಮುಂತಾದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುವುದೇಕೆ ಎಂದು ಕೇಳಿದ್ದೀರಿ. ನಿಮ್ಮ ಕೋಡ್‌ನಲ್ಲಿ ಸ್ಟ್ರೀಮ್‌ರಿಸಲ್ಟ್‌ಗೆ (ಫಲಿತಾಂಶ ಎಲ್ಲಿಗೆ ಹೋಗಬೇಕೆಂದು ಹೇಳುವ ಭಾಗ) ಫೈಲ್‌ರೈಟರ್ (ಅಕ್ಷರಗಳನ್ನು ಕಡತಕ್ಕೆ ಬರೆಯುವ ಜಾವಾ ಸಾಧನ) ಕೊಟ್ಟಿರುವುದೇ ಇದಕ್ಕೆ ಕಾರಣ. ರೈಟರ್ ಕೊಟ್ಟಾಗ ಅಕ್ಷರಗಳನ್ನು ಬೈಟ್‌ಗಳಾಗಿಸುವ ಕೆಲಸ, ಪರಿವರ್ತನೆ ಮಾಡುವ ಟ್ರಾನ್ಸ್‌ಫಾರ್ಮರ್‌ನ ಪಾಲಿಗೆ ಉಳಿಯುವುದಿಲ್ಲ. ಹೀಗಾಗಿ ಸ್ಟೈಲ್‌ಶೀಟ್‌ನಲ್ಲಿ (ಪರಿವರ್ತನೆಯ ನಿಯಮಗಳ ಕಡತ) ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿಸುವ ಪದ್ಧತಿ, ಯುಟಿಎಫ್-8 ಎಂದು ಬರೆದಿದ್ದರೂ, ಜಾವಾ 18ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಫೈಲ್‌ರೈಟರ್ ಆ ಗಣಕದ ಪೂರ್ವನಿಯೋಜಿತ ಎನ್‌ಕೋಡಿಂಗನ್ನೇ ಬಳಸುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲದಿದ್ದರೆ ಅಕ್ಷರಗಳು ಅಲ್ಲಿಯೇ ಕಳೆದುಹೋಗುತ್ತವೆ. ಬದಲಿಗೆ ಬೈಟ್‌ಗಳನ್ನೇ ಕಡತಕ್ಕೆ ಬರೆಯುವ ಫೈಲ್‌ಔಟ್‌ಪುಟ್‌ಸ್ಟ್ರೀಮ್ ಕೊಡಿ; ಆಗ ಸ್ಟೈಲ್‌ಶೀಟ್‌ನಲ್ಲಿ ಬರೆದ ಎನ್‌ಕೋಡಿಂಗನ್ನು ಟ್ರಾನ್ಸ್‌ಫಾರ್ಮರ್ ತಾನೇ ಬಳಸುತ್ತದೆ. ರೈತರು ನಂಬಿ ನೋಡುವ ಪಟ್ಟಿಯಾದ್ದರಿಂದ ಓದುವ ಕಡೆಯನ್ನೂ ಸರಿಪಡಿಸುವುದು ಒಳ್ಳೆಯದು: ಅಕ್ಷರಗಳನ್ನು ಓದುವ ರೀಡರ್ ಬಿಟ್ಟು, ಬೈಟ್‌ಗಳನ್ನು ಓದುವ ಇನ್‌ಪುಟ್‌ಸ್ಟ್ರೀಮ್ ಕೊಟ್ಟರೆ, ಪಾರ್ಸರ್ (ಎಕ್ಸ್‌ಎಮ್‌ಎಲ್ ಓದಿ ಬಿಡಿಸುವ ಭಾಗ) ಕಡತದ ಮೊದಲ ಸಾಲಿನ ಘೋಷಣೆಯನ್ನು ತಾನೇ ಓದಿ ಎನ್‌ಕೋಡಿಂಗ್ ನಿರ್ಧರಿಸುತ್ತದೆ. ನೀವು ತೆರೆದ ಸ್ಟ್ರೀಮ್‌ಗಳನ್ನು ಮುಚ್ಚುವ ಹೊಣೆ ನಿಮ್ಮದೇ ಆಗಿರುವುದರಿಂದ, ಎರಡನ್ನೂ ಟ್ರೈ-ವಿತ್-ರಿಸೋರ್ಸಸ್ (ಕೆಲಸ ಮುಗಿದಾಗ ಸ್ಟ್ರೀಮ್‌ಗಳನ್ನು ತಾನಾಗಿ ಮುಚ್ಚುವ ಜಾವಾ ರಚನೆ) ಒಳಗೆ ತೆರೆಯಿರಿ.